ಮೊದಲು ಯಾವ ಬಾಗಿಲು?

ಮನೆಯ ಕಂಪ್ಯೂಟರ್ ಒಂದು ಬೆಳಿಗ್ಗೆ ಏಳಲಿಲ್ಲವೆಂದರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: 'ಹೋಯ್ತು!' ಕಪ್ಪು ಪರದೆ, ಅದರ ಮೇಲೆ ಬಿಳಿಯ ಅಕ್ಷರದಲ್ಲಿ ಒಂದೇ ಒಂದು ಸಾಲು. ಬೂಟ್ ಮಾಡಲು ಯಾವ ಸಾಧನವೂ ಸಿಗಲಿಲ್ಲ ಎಂಬುದು ಅದರ ಅರ್ಥ. ಅಪ್ಪ ಮಗನ ಮುಖ ನೋಡುತ್ತಾರೆ. ಮಗ 'ನಾನೇನೂ ಮಾಡಿಲ್ಲ' ಎನ್ನುತ್ತಾನೆ. ನಿನ್ನೆ ರಾತ್ರಿ ಹನ್ನೆರಡರವರೆಗೆ ಅದರ ಮುಂದೆ ಕೂತಿದ್ದವರು ಯಾರು ಎಂದು ಅಮ್ಮನ ವಿಚಾರಣೆ ಶುರುವಾಗುತ್ತದೆ. ಈ ಗಲಾಟೆಯಲ್ಲಿ ಯಂತ್ರ ಹೇಳಿದ ಮಾತು ಮಾತ್ರ ಯಾರ ಕಿವಿಗೂ ಬಿದ್ದಿರುವುದಿಲ್ಲ. 'ಸತ್ತೆ' ಎಂದು ಅದು ಹೇಳಿಲ್ಲ. 'ಹುಡುಕಿದೆ, ಸಿಗಲಿಲ್ಲ' ಎಂದಷ್ಟೇ ಹೇಳಿದೆ.

ಈ ಎರಡು ಮಾತುಗಳ ನಡುವಿನ ಅಂತರ ತಿಳಿಯದೆ ಎಷ್ಟೋ ಮನೆಗಳಲ್ಲಿ ಆಗಬಾರದ್ದು ಆಗಿಹೋಗುತ್ತದೆ. ಯಂತ್ರ ರಿಪೇರಿ ಅಂಗಡಿಗೆ ಹೋಗುತ್ತದೆ. ಅಲ್ಲಿ ಗಿರಾಕಿಗಳು ಹೆಚ್ಚು, ಸಮಯ ಕಡಿಮೆ. 'ಫಾರ್ಮ್ಯಾಟ್ ಮಾಡಿಬಿಡೋಣ, ಹೊಸದರ ಹಾಗಾಗುತ್ತದೆ' ಎಂಬ ಸಲಹೆ ಬರುತ್ತದೆ. ಆಗುವುದೇನೋ ಹೊಸದರ ಹಾಗೆಯೇ. ಒಳಗಿದ್ದ ಮೂರು ವರ್ಷದ ಟಿಪ್ಪಣಿ, ಅರ್ಧ ಬರೆದ ಪ್ರಾಜೆಕ್ಟ್ ವರದಿ, ತೀರಿಕೊಂಡ ಅಜ್ಜನ ಫೋಟೋ ಇವು ಯಾವುವೂ ಉಳಿದಿರುವುದಿಲ್ಲ, ಅಷ್ಟೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ. ಕೊಯ್ಯುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಯಂತ್ರವನ್ನು ಬೇರೆ ಕಡೆಯಿಂದ ಎಬ್ಬಿಸಬಹುದೇ? ಬಹಳಷ್ಟು ಸಲ ಎಬ್ಬಿಸಬಹುದು. ಅದಕ್ಕೆ ಬೇಕಾದದ್ದು ಒಂದು ಪೆನ್ ಡ್ರೈವ್, ಒಂದಿಷ್ಟು ತಾಳ್ಮೆ ಮತ್ತು ಯಂತ್ರ ಕಣ್ಣು ಬಿಡುವ ಹೊತ್ತಿನಲ್ಲಿ ಏನು ನಡೆಯುತ್ತದೆ ಎಂಬ ತಿಳಿವಳಿಕೆ.

ಚೀಟಿ ಹಿಡಿದ ಹುಡುಗ

ಕಂಪ್ಯೂಟರಿನ ಕೆಲಸದ ನೆನಪಿಗೆ ರ‍್ಯಾಮ್ ಎಂದು ಹೆಸರು. ವಿದ್ಯುತ್ ಇರುವವರೆಗೆ ಮಾತ್ರ ಅದರ ಆಟ. ಸ್ವಿಚ್ ಆರಿಸಿದೊಡನೆ ಅಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಪ್ರತಿದಿನ ಬೆಳಿಗ್ಗೆ ಯಂತ್ರ ಏಳುವುದು ಬರಿ ತಲೆಯಲ್ಲಿ. ತನ್ನ ಒಡೆಯ ಯಾರು, ತಾನು ಮಾಡಬೇಕಾದ ಕೆಲಸ ಯಾವುದು ಎಂಬುದಿರಲಿ, ವಿಂಡೋಸ್ ಎಂಬುದೊಂದು ಇದೆ ಎಂದು ಕೂಡ ಅದಕ್ಕೆ ಗೊತ್ತಿರುವುದಿಲ್ಲ. ಆ ವಿಂಡೋಸ್ ಡಿಸ್ಕಿನ ಮೇಲೆ ಮಲಗಿದೆ. ಅದನ್ನು ಎತ್ತಿ ರ‍್ಯಾಮಿಗೆ ತರಬೇಕು. ತರುವುದಕ್ಕೂ ಒಂದು ಪ್ರೋಗ್ರಾಂ ಬೇಕು. ಆ ಪ್ರೋಗ್ರಾಮನ್ನು ತರುವವರು ಯಾರು?

ಈ ತೊಡಕಿಗೆ ಹಿಂದಿನವರು ಒಂದು ತಮಾಷೆಯ ಹೆಸರಿಟ್ಟರು. ಬೂಟಿನ ಹಿಂಬದಿಯಲ್ಲಿ ಅದನ್ನು ಎಳೆದು ಹಾಕಿಕೊಳ್ಳಲು ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲಕ್ಕೆ ಎತ್ತಿಕೊಳ್ಳುವುದು ಎಂಬ ಅಸಾಧ್ಯವಾದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟಿದೆ. 'ಬೂಟ್‌ಸ್ಟ್ರ್ಯಾಪ್' ಎಂಬ ಮಾತು ಅಲ್ಲಿಂದ ಬಂತು. ಬಾಲ ಕತ್ತರಿಸಿ ಈಗ ಬರೀ 'ಬೂಟ್' ಉಳಿದಿದೆ. ಕಾಲಿನ ಬೂಟಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ಕೇಳುವ ಅಜ್ಜಿಯರಿಗೆ ಇದು ಉತ್ತರ.

ಅಸಾಧ್ಯವನ್ನು ಸಾಧ್ಯ ಮಾಡುವುದು ಮದರ್‌ಬೋರ್ಡಿನ ಮೇಲಿರುವ ಒಂದು ಚಿಕ್ಕ ಚಿಪ್. ವಿದ್ಯುತ್ ಹೋದರೂ ಅದರಲ್ಲಿ ಬರೆದದ್ದು ಅಳಿಯುವುದಿಲ್ಲ. ಹಳೆಯ ಯಂತ್ರಗಳಲ್ಲಿ ಅದರೊಳಗಿನ ಪ್ರೋಗ್ರಾಮಿಗೆ ಬಯಾಸ್ ಎಂದು ಹೆಸರು, ಈಗಿನವುಗಳಲ್ಲಿ ಯುಇಎಫ್ಐ. ಸ್ವಿಚ್ ಒತ್ತಿದೊಡನೆ ಅದು ಮೊದಲು ಮೈ ಕೈ ಮುಟ್ಟಿ ನೋಡಿಕೊಳ್ಳುತ್ತದೆ. ರ‍್ಯಾಮ್ ಇದೆಯೇ, ಕೀಲಿಮಣೆ ಇದೆಯೇ, ಪರದೆ ಇದೆಯೇ? ಎಲ್ಲ ಇದೆ ಎಂದಾದ ಮೇಲೆ ಕೈಯಲ್ಲಿರುವ ಚೀಟಿಯನ್ನು ಬಿಡಿಸುತ್ತದೆ.

ಚೀಟಿ ಎಂದರೆ ಅಮ್ಮ ಹುಡುಗನ ಕೈಗೆ ಕೊಟ್ಟು ಅಂಗಡಿಗೆ ಕಳಿಸುವಂಥದ್ದೇ. 'ಮೊದಲು ಮೂಲೆ ಅಂಗಡಿ ನೋಡು. ಬಾಗಿಲು ಹಾಕಿದ್ದರೆ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿ. ಅಲ್ಲೂ ಇಲ್ಲದಿದ್ದರೆ ವಾಪಸ್ ಬಾ.' ಹುಡುಗ ವಿಧೇಯ, ಆದರೆ ಸ್ವಂತ ಬುದ್ಧಿ ಓಡಿಸುವವನಲ್ಲ. ಚೀಟಿಯಲ್ಲಿ ಬರೆದ ಬಾಗಿಲುಗಳನ್ನು ಬರೆದ ಸರದಿಯಲ್ಲೇ ತಟ್ಟುತ್ತಾನೆ. ಎದುರು ಮನೆಯಲ್ಲೇ ಸಕ್ಕರೆ ಇದ್ದರೂ ಚೀಟಿಯಲ್ಲಿಲ್ಲದ ಮೇಲೆ ಬರಿಗೈಯಲ್ಲಿ ಹಿಂತಿರುಗಿ 'ಸಿಗಲಿಲ್ಲಮ್ಮ' ಎನ್ನುತ್ತಾನೆ. ಆ ಕಪ್ಪು ಪರದೆಯ ಬಿಳಿ ಸಾಲು ಅವನದೇ ದನಿ. ಈ ಚೀಟಿಯ ಹೆಸರು ಬೂಟ್ ಆರ್ಡರ್. ಅದನ್ನು ತಿದ್ದುವುದಕ್ಕೆ ಇಂಜಿನಿಯರ್ ಆಗಬೇಕಿಲ್ಲ. ಆದರೆ ಏಕೆ ತಿದ್ದುತ್ತಿದ್ದೇವೆ ಎಂದು ತಿಳಿದಿರಬೇಕು.

ಎ ಮೊದಲೋ, ಸಿ ಮೊದಲೋ

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಈ ಚೀಟಿ ತುಂಬ ಚಿಕ್ಕದಿತ್ತು. ಫ್ಲಾಪಿ ಇರುವ ಎ ಡ್ರೈವನ್ನು ನೋಡು. ಅಲ್ಲೇನೂ ಇಲ್ಲದಿದ್ದರೆ ಚಿಪ್‌ನೊಳಗೇ ಇರುವ ಬೇಸಿಕ್ ಭಾಷೆಯನ್ನು ತೆರೆದು ಕೂರು. ಅಷ್ಟೇ. 1983ರಲ್ಲಿ ಬಂದ ಎಕ್ಸ್‌ಟಿ ಮಾದರಿಯಲ್ಲಿ 10 ಮೆಗಾಬೈಟ್‌ನ ಹಾರ್ಡ್ ಡಿಸ್ಕ್ ಸೇರಿತು. ಈಗಿನ ಮೊಬೈಲಿನ ಮೂರೋ ನಾಲ್ಕೋ ಫೋಟೋ ಹಿಡಿಸುವಷ್ಟು ಜಾಗ ಅದು! ಆಗ ಚೀಟಿಯಲ್ಲಿ ಎರಡು ಹೆಸರಾದವು: ಮೊದಲು ಎ, ಆಮೇಲೆ ಸಿ. 1984ರ ಎಟಿ ಮಾದರಿಯಲ್ಲಿ ಬ್ಯಾಟರಿಯ ಬಲದಿಂದ ಯಂತ್ರದ ಸೆಟ್ಟಿಂಗ್‌ಗಳನ್ನು ನೆನಪಿಟ್ಟುಕೊಳ್ಳುವ ಏರ್ಪಾಡು ಬಂತು. ಮುಂದೆ ಚೀಟಿಯ ಸರದಿಯೂ ಆ ನೆನಪಿನೊಳಗೆ ಸೇರಿ, ಮಾಲೀಕನೇ ತಿದ್ದಬಹುದಾದದ್ದಾಯಿತು.

'ಎ ಮೊದಲು' ಎಂಬ ಆ ಸರದಿ ಮುಂದೆ ದೊಡ್ಡ ತಲೆನೋವಿಗೆ ಕಾರಣವಾಯಿತು. ರಾತ್ರಿ ಕೆಲಸ ಮುಗಿಸಿದವರು ಫ್ಲಾಪಿಯನ್ನು ಡ್ರೈವಿನಲ್ಲೇ ಮರೆತು ಏಳುತ್ತಿದ್ದರು. ಬೆಳಿಗ್ಗೆ ಯಂತ್ರ ಚೀಟಿಯ ಪ್ರಕಾರ ಆ ಫ್ಲಾಪಿಯ ಮೊದಲ 512 ಬೈಟ್‌ಗಳನ್ನು ಓದಿ, ಅಲ್ಲಿ ಏನು ಬರೆದಿದೆಯೋ ಅದಕ್ಕೆ ತಲೆಬಾಗುತ್ತಿತ್ತು. ಅಲ್ಲಿ ಕೇಡಿಗನೊಬ್ಬ ಕೂತಿದ್ದರೆ? 1986ರಲ್ಲಿ ಲಾಹೋರಿನ ಇಬ್ಬರು ಸೋದರರ ಕೈಯಿಂದ ಹೊರಟ 'ಬ್ರೈನ್' ವೈರಸ್ ಫ್ಲಾಪಿಯ ಈ ಮೊದಲ ತುಣುಕಿನಲ್ಲೇ ಅಡಗುತ್ತಿತ್ತು. 1991ರಲ್ಲಿ ಪತ್ತೆಯಾದ 'ಮೈಕೆಲೇಂಜೆಲೊ' ಇನ್ನೂ ಕ್ರೂರಿ. ಮರೆತ ಫ್ಲಾಪಿಯಿಂದ ಹಾರ್ಡ್ ಡಿಸ್ಕಿಗೆ ದಾಟಿಕೊಂಡು, ಆ ಕಲಾವಿದನ ಹುಟ್ಟುಹಬ್ಬವಾದ ಮಾರ್ಚ್ 6ರಂದು ಡಿಸ್ಕಿನ ಆರಂಭದ ಭಾಗವನ್ನೇ ಹಾಳುಮಾಡುವಂತೆ ಅದನ್ನು ಬರೆಯಲಾಗಿತ್ತು. 1992ರ ಮಾರ್ಚ್‌ನಲ್ಲಿ ಜಗತ್ತಿನ ಪತ್ರಿಕೆಗಳೆಲ್ಲ ಇದರ ಭಯದಲ್ಲೇ ತುಂಬಿದ್ದವು. ಭಯಪಟ್ಟಷ್ಟು ಹಾನಿಯಾಗಲಿಲ್ಲ ಎನ್ನುವುದು ಬೇರೆ ಮಾತು.

ಆಗ ಬಲ್ಲವರು ಹೇಳಿಕೊಟ್ಟ ಉಪಾಯಗಳಲ್ಲಿ ಖರ್ಚಿಲ್ಲದ್ದು ಒಂದಿತ್ತು. ಚೀಟಿಯ ಸರದಿ ಬದಲಿಸಿ. ಸಿ ಮೊದಲು, ಎ ಆಮೇಲೆ. ಮರೆತ ಫ್ಲಾಪಿ ಡ್ರೈವಿನಲ್ಲೇ ಇದ್ದರೂ ಯಂತ್ರ ಅದರ ಕಡೆ ತಿರುಗಿ ನೋಡುವುದಿಲ್ಲ. ಸರದಿ ಎನ್ನುವುದು ಬರೀ ಅನುಕೂಲದ ಮಾತಲ್ಲ, ನಂಬಿಕೆಯ ಮಾತು ಎಂದು ಆಗ ಜನಕ್ಕೆ ಅರ್ಥವಾಯಿತು. ಯಾರ ಮಾತನ್ನು ಮೊದಲು ಕೇಳಬೇಕು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಮನೆಗೂ ಇದು ನಿಜ, ಯಂತ್ರಕ್ಕೂ ನಿಜ.

ಕೆಲವೇ ವರ್ಷಗಳಲ್ಲಿ ಕಾಲ ತಿರುಗಿತು. 1995ರಲ್ಲಿ ಸಿಡಿಯಿಂದಲೇ ಯಂತ್ರವನ್ನು ಎಬ್ಬಿಸುವ ಕ್ರಮವೊಂದು ರೂಪುಗೊಂಡಿತು. 2000ದಲ್ಲಿ ಜರ್ಮನಿಯ ಕ್ಲೌಸ್ ಕ್ನಾಪರ್ ಎಂಬುವರು 'ಕ್ನಾಪಿಕ್ಸ್' ಎಂಬ ಸಿಡಿ ಹೊರತಂದರು. ಅದರಲ್ಲಿ ಇಡೀ ಲಿನಕ್ಸ್ ವ್ಯವಸ್ಥೆ ಇತ್ತು. ಹಾರ್ಡ್ ಡಿಸ್ಕನ್ನು ಮುಟ್ಟದೆ ಸಿಡಿಯಿಂದಲೇ ಎದ್ದು ಕೆಲಸ ಮಾಡುತ್ತಿತ್ತು. ಡಿಸ್ಕಿನಲ್ಲಿರುವ ವಿಂಡೋಸ್ ಕೆಟ್ಟು ಕೂತಿದ್ದರೂ ಅದರ ಪಕ್ಕದಲ್ಲಿದ್ದ ಕಡತಗಳನ್ನು ಈ ಸಿಡಿಯ ನೆರವಿನಿಂದ ಹೊರಗೆ ತರಬಹುದಿತ್ತು. ಹೊರಗಿನದನ್ನು ಮೊದಲು ನೋಡು ಎನ್ನುವ ಯಾವ ಸರದಿ ಒಂದು ಕಾಲದಲ್ಲಿ ರೋಗ ತಂದಿತ್ತೋ, ಅದೇ ಈಗ ಮದ್ದಾಯಿತು. ಇಂದು ಸಿಡಿಯ ಜಾಗದಲ್ಲಿ ಪೆನ್ ಡ್ರೈವ್ ಇದೆ. ಉಳಿದ ಕತೆ ಅದೇ.

ಪ್ರಾಜೆಕ್ಟ್ ಒಪ್ಪಿಸಲು ನಾಲ್ಕು ದಿನ

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಮಗಳು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಳೆ. ಪ್ರಾಜೆಕ್ಟ್ ಒಪ್ಪಿಸಲು ನಾಲ್ಕು ದಿನ ಉಳಿದಿದೆ. ಲ್ಯಾಪ್‌ಟಾಪ್ ಏಳುತ್ತಿಲ್ಲ. ಅದನ್ನು ಕೊಳ್ಳಲು ಅಮ್ಮ ಚೀಟಿ ಹಣ ಎತ್ತಿದ್ದಳು. ಇನ್ನೂ ಕಂತು ಮುಗಿದಿಲ್ಲ. ಅಂಗಡಿಯಲ್ಲಿ ಫಾರ್ಮ್ಯಾಟ್ ಎಂದಿದ್ದಾರೆ. ವರದಿಯ ನಕಲು ಬೇರೆಲ್ಲೂ ಇಲ್ಲ. ಮನೆಯಲ್ಲಿ ಅಳು, ಸಿಟ್ಟು, ಮೌನ ಎಲ್ಲವೂ ಒಂದು ಸುತ್ತು ಆಗಿಹೋಗಿವೆ. ಈಗ ಏನು ಮಾಡಬೇಕು?

ಮೊದಲನೆಯದು, ಕೆಟ್ಟ ಯಂತ್ರವನ್ನು ಹಾಗೇ ಬಿಟ್ಟು ಸರಿಯಿರುವ ಇನ್ನೊಂದು ಕಂಪ್ಯೂಟರ್ ಹುಡುಕಬೇಕು. ಗೆಳತಿಯದೋ, ಸೋದರಮಾವನದೋ ಆದೀತು. ಅಲ್ಲಿ ಉಬುಂಟುವಿನಂಥ ಒಂದು ಲಿನಕ್ಸನ್ನು ಅದರ ತಾಣದಿಂದ ಇಳಿಸಿಕೊಂಡು, ರೂಫಸ್‌ನಂಥ ಪುಟ್ಟ ಪ್ರೋಗ್ರಾಮಿನ ಮೂಲಕ ಪೆನ್ ಡ್ರೈವ್‌ಗೆ ಬರೆಯಬೇಕು. ಎರಡೂ ಉಚಿತ. 8 ಗಿಗಾಬೈಟ್‌ನ ಡ್ರೈವ್ ಸಾಮಾನ್ಯವಾಗಿ ಸಾಕು. ಇಲ್ಲೊಂದು ಎಚ್ಚರಿಕೆ: ಬರೆಯುವಾಗ ಆ ಪೆನ್ ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮಗಳ ವರದಿ ಉಳಿಸಲು ಹೋಗಿ ಅತ್ತೆಯ ಮಗನ ಮದುವೆಯ ಫೋಟೋ ಕಳೆದರೆ ಅದು ಇನ್ನೊಂದು ಮಹಾಭಾರತ. ಬರೀ ಫೈಲನ್ನು ಎಳೆದು ಪೆನ್ ಡ್ರೈವ್‌ಗೆ ಹಾಕಿದರೆ ಆಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಬಾಗಿಲು ತಟ್ಟಿದಾಗ ಓಗೊಡುವ ಭಾಗ ಅದರಲ್ಲಿ ಸರಿಯಾದ ಜಾಗದಲ್ಲಿ ಇರಬೇಕು. ಅದನ್ನು ಇಡುವುದು ಆ ಪ್ರೋಗ್ರಾಮಿನ ಕೆಲಸ.

ಎರಡನೆಯದು, ಪೆನ್ ಡ್ರೈವ್ ಸಿಕ್ಕಿಸಿ ಕೆಟ್ಟ ಯಂತ್ರಕ್ಕೆ ಸ್ವಿಚ್ ಹಾಕಿ, ತಯಾರಕರ ಗುರುತು ಪರದೆಯ ಮೇಲೆ ಮೂಡುವ ಹೊತ್ತಿಗೆ ಒಂದು ಕೀಲಿಯನ್ನು ಮತ್ತೆ ಮತ್ತೆ ಒತ್ತಬೇಕು. ಯಾವ ಕೀಲಿ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಡೆಲ್, ಲೆನೊವೊ ಯಂತ್ರಗಳಲ್ಲಿ ಬಹುಮಟ್ಟಿಗೆ ಎಫ್12, ಎಚ್‌ಪಿಯಲ್ಲಿ ಎಫ್9 ಅಥವಾ ಎಸ್ಕೇಪ್. ಸರದಿಯನ್ನು ಒಳಗೆ ಹೋಗಿ ತಿದ್ದುವುದಾದರೆ ಎಫ್2, ಎಫ್10 ಅಥವಾ ಡಿಲೀಟ್. ಪರದೆಯ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವುದೂ ಉಂಟು. ಕಣ್ಣು ಮಿಟುಕಿಸುವಷ್ಟರಲ್ಲಿ ಆ ಕ್ಷಣ ದಾಟಿಹೋಗುತ್ತದೆ. ಆಗ ಬೇಸರಪಡದೆ ಮತ್ತೆ ಮೊದಲಿನಿಂದ ಶುರುಮಾಡಬೇಕು. ವಿಂಡೋಸ್ ಏಳುತ್ತಿರುವ ಯಂತ್ರವಾದರೆ ಕೀಲಿಯ ಗೊಡವೆಯೇ ಬೇಡ. ಶಿಫ್ಟ್ ಕೀಲಿ ಒತ್ತಿ ಹಿಡಿದು ರೀಸ್ಟಾರ್ಟ್ ಎಂದರೆ ಅದೇ ದಾರಿ ತೋರಿಸುತ್ತದೆ. ಈಗಿನ ವಿಂಡೋಸ್ 'ಶಟ್ ಡೌನ್' ಮಾಡಿದಾಗ ಪೂರ್ತಿ ನಿದ್ರೆ ಹೋಗದೆ ಅರೆನಿದ್ರೆಯಲ್ಲಿರುವುದರಿಂದ ಇಂಥ ಕೆಲಸಕ್ಕೆ 'ರೀಸ್ಟಾರ್ಟ್' ಉತ್ತಮ.

ಇಲ್ಲಿ ಎರಡು ದಾರಿಗಳಿವೆ. ಇವತ್ತಿನ ಮಟ್ಟಿಗೆ ಮಾತ್ರ ಪೆನ್ ಡ್ರೈವ್‌ನಿಂದ ಏಳು ಎಂದು ಹೇಳುವುದು ಒಂದು. ಚೀಟಿಯನ್ನೇ ತಿದ್ದಿ ಬರೆಯುವುದು ಇನ್ನೊಂದು. ತಾತ್ಕಾಲಿಕ ಮೆನು ಸಿಕ್ಕರೆ ಅದೇ ಸಾಕು. ಹುಡುಗನಿಗೆ 'ಇವತ್ತೊಂದು ದಿನ ಆ ಅಂಗಡಿಗೆ ಹೋಗು' ಎಂದು ಬಾಯಲ್ಲಿ ಹೇಳಿದ ಹಾಗೆ. ನಾಳೆ ತಾನಾಗಿ ಹಳೆಯ ಚೀಟಿಯಂತೆ ನಡೆಯುತ್ತಾನೆ. ಮೆನು ಸಿಗದೆ ಚೀಟಿಯನ್ನೇ ತಿದ್ದಬೇಕಾಗಿ ಬಂದರೆ, ತಿದ್ದುವ ಮೊದಲು ಆ ಪರದೆಯ ಒಂದು ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಮೊದಲು ಏನಿತ್ತು ಎಂಬ ದಾಖಲೆ ಕೈಯಲ್ಲಿದ್ದವರಿಗೆ ಹೆದರಿಕೆ ಅರ್ಧ ಕಡಿಮೆ. ಕೆಲಸ ಮುಗಿದ ಮೇಲೆ ಸರದಿಯನ್ನು ಹಿಂದಿನಂತೆಯೇ ಇಟ್ಟುಬಿಡಬೇಕು.

ಮೂರನೆಯದು, ಉಬುಂಟು ಎದ್ದು ಕೂತ ಮೇಲೆ ಅದು ಎರಡು ಆಯ್ಕೆಗಳನ್ನು ಮುಂದಿಡುತ್ತದೆ: ಸುಮ್ಮನೆ ಪ್ರಯತ್ನಿಸಿ ನೋಡುವುದು, ಇಲ್ಲವೇ ಯಂತ್ರದಲ್ಲೇ ಸ್ಥಾಪಿಸುವುದು. ಒತ್ತಬೇಕಾದದ್ದು ಮೊದಲನೆಯದನ್ನು. ಎರಡನೆಯದರ ಹಾದಿಯಲ್ಲಿ ಡಿಸ್ಕನ್ನೇ ಅಳಿಸುವ ಗುಂಡಿ ಕಾದು ಕೂತಿದೆ. ಆಮೇಲೆ ಯಂತ್ರದ ಡಿಸ್ಕನ್ನು ತೆರೆದು, 'ಯೂಸರ್ಸ್' ಎಂಬ ಫೋಲ್ಡರಿನೊಳಗೆ ಹೋಗಿ, ವರದಿಯನ್ನು ಇನ್ನೊಂದು ಪೆನ್ ಡ್ರೈವ್‌ಗೆ ನಕಲು ಮಾಡಿಕೊಳ್ಳಬೇಕು. ಇಷ್ಟಾದ ಮೇಲೆ ಅಂಗಡಿಯವರು ಫಾರ್ಮ್ಯಾಟ್ ಮಾಡಿದರೂ ಮನೆಯವರಿಗೆ ನಿದ್ದೆ ಬರುತ್ತದೆ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಇಲ್ಲವೇ ಡಿಸ್ಕ್ ಕಣ್ಣಿಗೇ ಬೀಳದಿದ್ದರೆ ಮಾತು ಬೇರೆ. ಅದು ಯಂತ್ರಾಂಗವೇ ಸೋತಿರುವ ಲಕ್ಷಣ. ಆಗ ಮತ್ತೆ ಮತ್ತೆ ಎಬ್ಬಿಸಿ ಅದನ್ನು ದಣಿಸದೆ ಪರಿಣತರ ಕೈಗೆ ಕೊಡುವುದೇ ಸರಿ.

ಎಷ್ಟೋ ಸಲ ರೋಗ ಇದಕ್ಕಿಂತ ಚಿಕ್ಕದು. ಹಳೆಯ ಡೆಸ್ಕ್‌ಟಾಪುಗಳ ಒಳಗೆ ನಾಣ್ಯದಾಕಾರದ 3 ವೋಲ್ಟಿನ ಸೆಲ್ ಇರುತ್ತದೆ. ಸಿಆರ್2032 ಎಂದು ಅದರ ಹೆಸರು. ಗಡಿಯಾರದಂಗಡಿಯಲ್ಲೂ ಸಿಗುತ್ತದೆ. ವರ್ಷಗಳು ಕಳೆದು ಅದು ಸತ್ತರೆ ಯಂತ್ರದ ತಾರೀಕು ಹಿಂದಕ್ಕೆ ಓಡುತ್ತದೆ, ಚೀಟಿಯ ಸರದಿ ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಮರಳುತ್ತದೆ. ಡಿಸ್ಕೂ ಸರಿಯಿದೆ, ವಿಂಡೋಸೂ ಸರಿಯಿದೆ. ಯಂತ್ರ ಮಾತ್ರ ತಪ್ಪು ಬಾಗಿಲು ತಟ್ಟುತ್ತ ನಿಂತಿದೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಸೆಲ್ ಬದಲಿಸಿ ಸರದಿ ಸರಿಮಾಡಿದರೆ ಮುಗಿಯಿತು.

ಮುಟ್ಟಬಾರದ್ದು, ಮರೆಯಬಾರದ್ದು

ಸೆಟ್ಟಿಂಗ್‌ಗಳ ಆ ಪರದೆಯಲ್ಲಿ ಚೀಟಿಯೊಂದೇ ಅಲ್ಲ, ಇನ್ನೂ ಹತ್ತಾರು ಸಂಗತಿಗಳಿರುತ್ತವೆ. ಕುತೂಹಲ ಒಳ್ಳೆಯದೇ, ಆದರೆ ಅಲ್ಲಿ ಕೈ ಕಟ್ಟಿಕೊಂಡು ಓದುವುದು ಜಾಣತನ. ಡಿಸ್ಕಿನ ಮೋಡ್ ಬದಲಿಸಿದರೆ ಚೆನ್ನಾಗಿದ್ದ ವಿಂಡೋಸೂ ಏಳದೆ ಹೋಗಬಹುದು. ಅಲ್ಲಿ ಪಾಸ್‌ವರ್ಡ್ ಇಟ್ಟು ಮರೆತರೆ ಮಾಲೀಕನೇ ಹೊರಗುಳಿಯುತ್ತಾನೆ. 'ಸೆಕ್ಯೂರ್ ಬೂಟ್' ಎಂಬುದೊಂದು ಕಾಣಿಸುತ್ತದೆ. 2012ರಲ್ಲಿ ವಿಂಡೋಸ್ 8ರ ಜೊತೆಗೆ ಬಳಕೆಗೆ ಬಂದ ಕಾವಲುಗಾರ ಅದು. ಬಾಗಿಲಿನಿಂದ ಬರುವವರ ಸಹಿ ಪರೀಕ್ಷಿಸಿ ಒಳಗೆ ಬಿಡುತ್ತದೆ. ಮೈಕೆಲೇಂಜೆಲೊನಂಥವರ ಕಾಟ ಕಂಡವರಿಗೆ ಅದರ ಬೆಲೆ ಗೊತ್ತು. ಉಬುಂಟು ಸಹಿ ಇರುವ ವ್ಯವಸ್ಥೆಯಾದ್ದರಿಂದ ಅದಕ್ಕಾಗಿ ಈ ಕಾವಲನ್ನು ತೆಗೆಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಇನ್ನೊಂದು ಸಂಗತಿಯನ್ನು ಅಪ್ಪ ಅಮ್ಮಂದಿರು ವಿಶೇಷವಾಗಿ ಗಮನಿಸಬೇಕು. ವಿಂಡೋಸ್‌ನ ಪಾಸ್‌ವರ್ಡ್ ಹಾಕಿದರೆ ಒಳಗಿನದೆಲ್ಲ ಭದ್ರ ಎಂದು ಅನೇಕರು ನಂಬಿದ್ದಾರೆ. ಆ ಪಾಸ್‌ವರ್ಡ್ ಕೇಳುವುದು ವಿಂಡೋಸ್. ವಿಂಡೋಸನ್ನು ಎಬ್ಬಿಸದೆಯೇ ಪೆನ್ ಡ್ರೈವ್‌ನಿಂದ ಎದ್ದವನಿಗೆ ಅದನ್ನು ಕೇಳುವವರು ಯಾರು? ಮಗಳು ತನ್ನ ವರದಿಯನ್ನು ಉಳಿಸಿಕೊಂಡ ಬಾಗಿಲಿನಿಂದಲೇ ಲ್ಯಾಪ್‌ಟಾಪ್ ಕದ್ದವನೂ ಒಳಗೆ ಬರಬಹುದು. ಇದಕ್ಕೆಂದೇ ಈಗಿನ ಅನೇಕ ಯಂತ್ರಗಳಲ್ಲಿ ಡಿಸ್ಕಿನ ಮೇಲಿನ ಬರಹವನ್ನೆಲ್ಲ ಗೂಢಲಿಪಿಗೆ ತಿರುಗಿಸಿಡುವ ಬೀಗವಿದೆ. ವಿಂಡೋಸ್‌ನಲ್ಲಿ ಅದರ ಹೆಸರು ಬಿಟ್‌ಲಾಕರ್. ಆ ಬೀಗ ಬಿದ್ದಿದ್ದರೆ ಪೆನ್ ಡ್ರೈವ್‌ನಿಂದ ಎದ್ದರೂ 48 ಅಂಕಿಗಳ ಕೀಲಿ ಇಲ್ಲದೆ ಒಂದಕ್ಷರವೂ ಓದಲಾಗದು. ಬೂಟ್ ಸೆಟ್ಟಿಂಗ್ ತಿದ್ದಿದಾಗ ವಿಂಡೋಸೇ ಅನುಮಾನಪಟ್ಟು ಆ ಕೀಲಿ ಕೇಳುವುದೂ ಉಂಟು. ಎಷ್ಟೋ ಯಂತ್ರಗಳಲ್ಲಿ ಈ ಬೀಗ ತಾನಾಗಿಯೇ ಬಿದ್ದಿರುತ್ತದೆ. ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಸಾಮಾನ್ಯವಾಗಿ ಕೀಲಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಹುಡುಕಿ ಕಾಗದದ ಮೇಲೆ ಬರೆದಿಡಬೇಕು. ಆ ಕಾಗದವನ್ನು ಲ್ಯಾಪ್‌ಟಾಪ್ ಚೀಲದಲ್ಲೇ ಇಡಬಾರದು ಎಂದು ಬೇರೆ ಹೇಳಬೇಕಿಲ್ಲ.

ಇದೆಲ್ಲ ಮನೆಯ ಮಟ್ಟದ ಮಾತು, ದೊಡ್ಡ ಸಂಸ್ಥೆಗಳಿಗೆ ಬೇರೆಯೇ ಉಪಾಯಗಳಿರುತ್ತವೆ ಎಂದುಕೊಂಡವರಿಗೆ 2024ರ ಜುಲೈ 19 ಪಾಠ ಹೇಳಿತು. ಅಂದು ಶುಕ್ರವಾರ. ಭಾರತದ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಒಂದು ಸಣ್ಣ ಪರಿಷ್ಕರಣೆಯನ್ನು ತನ್ನ ಗ್ರಾಹಕರ ಯಂತ್ರಗಳಿಗೆ ಕಳಿಸಿತು. ಅದರಲ್ಲಿ ದೋಷವಿತ್ತು. 78 ನಿಮಿಷಗಳಲ್ಲಿ ಅದನ್ನು ಹಿಂತೆಗೆದುಕೊಂಡರೂ, ಅಷ್ಟರೊಳಗೆ ಪಡೆದ ವಿಂಡೋಸ್ ಯಂತ್ರಗಳು ಏಳುವುದು, ನೀಲಿ ಪರದೆ ತೋರಿಸಿ ಬೀಳುವುದು, ಮತ್ತೆ ಏಳುವುದು, ಮತ್ತೆ ಬೀಳುವುದು ಎಂಬ ಸುಳಿಗೆ ಸಿಕ್ಕಿದ್ದವು. ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಅವುಗಳ ಸಂಖ್ಯೆ ಸುಮಾರು 85 ಲಕ್ಷ. ವಿಮಾನಗಳು ನಿಂತವು, ಆಸ್ಪತ್ರೆಗಳ ಕೆಲಸ ತಡವರಿಸಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರ ಸಾಲು ಬೆಳೆಯಿತು. ಭಾರತದಲ್ಲಿ ಕೆಲವು ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಸಿಕ್ಕಿತು.

ಸರಿಪಡಿಸಲು ಬೇಕಾದದ್ದು ಕೆಟ್ಟ ಒಂದು ಕಡತವನ್ನು ಅಳಿಸುವುದು, ಅಷ್ಟೆ. ಆದರೆ ಎದ್ದೇ ಇಲ್ಲದ ಯಂತ್ರಕ್ಕೆ ದೂರದಿಂದ ಆಜ್ಞೆ ಕೊಡುವುದು ಹೇಗೆ? ಪದೇ ಪದೇ ಎಬ್ಬಿಸಿದಾಗ ಕೆಲವು ತಾವಾಗಿ ಸರಿಹೋದವು. ಉಳಿದವುಗಳ ಮುಂದೆ ಮನುಷ್ಯರೇ ಹೋಗಿ ನಿಲ್ಲಬೇಕಾಯಿತು. ಮರುದಿನ ಮೈಕ್ರೋಸಾಫ್ಟ್ ಕೊಟ್ಟ ಸಲಕರಣೆಯೂ ಕೊನೆಗೆ ಒಂದು ಪೆನ್ ಡ್ರೈವ್! ಅದನ್ನು ಸಿಕ್ಕಿಸಿ, ಅದರಿಂದ ಎಬ್ಬಿಸಿ, ಬೀಗವಿದ್ದಲ್ಲಿ 48 ಅಂಕಿಗಳ ಕೀಲಿ ಒತ್ತಿ, ಕೆಟ್ಟ ಕಡತ ಅಳಿಸಿ, ಮುಂದಿನ ಯಂತ್ರಕ್ಕೆ ಹೋಗುವುದು. ಕೀಲಿಗಳ ಪಟ್ಟಿಯನ್ನು ಏಳದ ಯಂತ್ರದೊಳಗೇ ಇಟ್ಟಿದ್ದವರ ಪಾಡು ಹೇಗಿದ್ದೀತೆಂದು ಊಹಿಸಬಹುದು. ಕೋಟಿಗಟ್ಟಲೆ ವ್ಯವಹಾರ ನಡೆಸುವವರಿಗೂ, ಪ್ರಾಜೆಕ್ಟ್ ಒಪ್ಪಿಸಬೇಕಾದ ಹುಡುಗಿಗೂ ಅಂದು ಇದ್ದ ದಾರಿ ಒಂದೇ.

ಈ ವಿದ್ಯೆಗೆ ಒಂದು ಮರ್ಯಾದೆಯೂ ಇದೆ. ಕಾಲೇಜಿನ ಲ್ಯಾಬಿನ ಯಂತ್ರಗಳಲ್ಲಿ ಸೆಟ್ಟಿಂಗ್‌ಗೆ ಪಾಸ್‌ವರ್ಡ್ ಹಾಕಿ ಹೊರಗಿನಿಂದ ಬೂಟ್ ಆಗದಂತೆ ಮಾಡಿರುತ್ತಾರೆ. ಅದು ಹುಡುಗರ ಮೇಲಿನ ಸಿಟ್ಟಿನಿಂದಲ್ಲ. ನೂರಾರು ಕೈಗಳು ಓಡಾಡುವ ಯಂತ್ರ ಅದು ಎಂಬ ಕಾರಣಕ್ಕೆ. ತನ್ನದಲ್ಲದ ಯಂತ್ರದ ಚೀಟಿಯನ್ನು ಕೇಳದೆ ತಿದ್ದುವುದು ಪಕ್ಕದ ಮನೆಯ ಹಿತ್ತಿಲ ಬಾಗಿಲು ತೆಗೆದ ಹಾಗೆ. ಹಾಗೆ ಮಾಡಬಲ್ಲೆ ಎಂಬುದು ಮಾಡಲು ಕಾರಣವಲ್ಲ.

ಆದರೆ ಮನೆಯ ಯಂತ್ರದ ವಿಷಯದಲ್ಲಿ 'ಮುಟ್ಟಬೇಡ, ಹಾಳಾಗುತ್ತೆ' ಎಂಬ ಒಂದೇ ಮಂತ್ರ ಸಾಲದು. ದುಡ್ಡು ಕೊಟ್ಟು ತಂದವರಿಗೆ ಹೆದರಿಕೆ ಸಹಜ. ಆದರೂ ಬೂಟ್ ಸರದಿಯನ್ನು ನೋಡುವುದರಿಂದ ಡಿಸ್ಕಿನ ಒಂದಕ್ಷರವೂ ಅಳಿಯುವುದಿಲ್ಲ. ನೋಡಿ, ಉಳಿಸದೆ ಹೊರಬಂದರೆ ಯಂತ್ರ ಇದ್ದ ಹಾಗೇ ಇರುತ್ತದೆ. ಮುಟ್ಟದೆ ಬೆಳೆದ ಹುಡುಗರು ಮುಂದೆ ಪ್ರತಿಯೊಂದಕ್ಕೂ ಅಂಗಡಿಯವರ ಮುಖ ನೋಡುತ್ತಾರೆ. ಯೋಚಿಸದೆ ಮುಟ್ಟುವವರು ಅಂಗಡಿಯವರಿಗೆ ಕೆಲಸ ಕೊಡುತ್ತಾರೆ. ಇವೆರಡರ ನಡುವೆ, ಮೊದಲು ಓದಿ, ಬರೆದಿಟ್ಟುಕೊಂಡು, ಆಮೇಲೆ ಮುಟ್ಟುವ ಅಭ್ಯಾಸವೊಂದಿದೆ. ಅದನ್ನು ಕಲಿಸಲು ಇದಕ್ಕಿಂತ ಅಗ್ಗದ ಪಾಠ ಸಿಗುವುದು ಕಷ್ಟ.

ಇದಕ್ಕೆ ಈಗೊಂದು ಹೊಸ ಕಾರಣವೂ ಸೇರಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಅರ್ಹತೆ ಇಲ್ಲದ, ಆದರೆ ಇನ್ನೂ ಗಟ್ಟಿಯಾಗಿರುವ ಯಂತ್ರಗಳು ಎಷ್ಟೋ ಮನೆಗಳ ಮೂಲೆಯಲ್ಲಿವೆ. ಅವನ್ನು ಗುಜರಿಗೆ ಹಾಕುವ ಮೊದಲು ಪೆನ್ ಡ್ರೈವ್‌ನಿಂದ ಲಿನಕ್ಸನ್ನು ಎಬ್ಬಿಸಿ ನೋಡಬಹುದು. ವೈಫೈ ಸಿಗುತ್ತದೆಯೇ, ಸದ್ದು ಕೇಳುತ್ತದೆಯೇ, ಕನ್ನಡ ಮೂಡುತ್ತದೆಯೇ ಎಂದು ಒಂದು ಸಂಜೆ ಪರೀಕ್ಷಿಸಬಹುದು. ಪೆನ್ ಡ್ರೈವ್‌ನಿಂದ ಓಡುವಾಗ ಸ್ವಲ್ಪ ನಿಧಾನ. ಇಷ್ಟವಾಗದಿದ್ದರೆ ಕಿತ್ತು ಜೇಬಿಗೆ ಹಾಕಿಕೊಂಡರಾಯಿತು. ಹಳೆಯದು ಹಾಗೆಯೇ ಇರುತ್ತದೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆ ಎಲ್ಲರಿಗೂ ಗೊತ್ತು. ಯಂತ್ರ ಚೆನ್ನಾಗಿರುವ ಒಂದು ಭಾನುವಾರ ಅಪ್ಪನೋ ಅಮ್ಮನೋ ಮಕ್ಕಳ ಪಕ್ಕದಲ್ಲಿ ಕೂತು ಈ ಬಾವಿ ತೋಡಿಡಬಹುದು. ಮುಖ್ಯ ಕಡತಗಳ ನಕಲು ಬೇರೆಡೆ ಇದೆಯೇ ಎಂದು ಮೊದಲು ನೋಡುವುದು. 48 ಅಂಕಿಗಳನ್ನು ಬರೆದಿಡುವುದು. ಪೆನ್ ಡ್ರೈವ್ ಸಿದ್ಧಮಾಡಿ ಒಮ್ಮೆ ಅದರಿಂದ ಎಬ್ಬಿಸಿ ನೋಡುವುದು. ಯಾವ ಕೀಲಿ ಒತ್ತಿದರೆ ಮೆನು ಬಂತು ಎಂದು ಅದರ ಕವರಿನ ಮೇಲೆ ಬರೆಯುವುದು. ಆಮೇಲೆ ಆ ಪೆನ್ ಡ್ರೈವನ್ನು ಟಾರ್ಚು, ಫ್ಯೂಸ್ ತಂತಿ, ಬೀರುವಿನ ಎರಡನೆಯ ಕೀಲಿ ಇರುವ ಡಬ್ಬಿಯಲ್ಲಿ ಇಟ್ಟು, ಎಲ್ಲಿದೆ ಎಂದು ಮನೆಯವರಿಗೆಲ್ಲ ಹೇಳಿದರಾಯಿತು.